ಇಡ್ಲಿಗೆ ಥರ್ಮಾಮೀಟರ್ ಚುಚ್ಚಿದ ಶನಿವಾರ

ಕೆನಡಾದ ಟೊರೊಂಟೊದಲ್ಲಿ ಒಂದು ಜಾತ್ರೆಯಲ್ಲಿ ತಿಂಡಿ ಮಾರೋಕೆ ಆರೋಗ್ಯ ಇಲಾಖೆಗೆ ಕೊಡಬೇಕಾದ ಅರ್ಜಿಯಲ್ಲಿ "ಮಾರುವ ಆಹಾರ" ಅಂತ ಒಂದು ಖಾಲಿ ಗೆರೆ ಇತ್ತು. ಇಡ್ಲಿ ಅಂತ ಬರೆದೆ. ಪಕ್ಕದಲ್ಲಿ ಕೂತಿದ್ದ ಮಗಳು, "ಅಮ್ಮಾ, ಅವರಿಗೆ ಹೇಗೆ ಗೊತ್ತಾಗುತ್ತೆ? ಸ್ಟೀಮ್ಡ್ ರೈಸ್ ಕೇಕ್ ಅಂತ ಬರಿ" ಅಂದಳು. ಅವಳು ಇಲ್ಲೇ ಆರನೇ ಕ್ಲಾಸು. ಇಲ್ಲಿನವರ ಜೊತೆ ಹೇಗೆ ಮಾತಾಡಬೇಕು ಅನ್ನೋದು ನನಗಿಂತ ಅವಳಿಗೆ ಜಾಸ್ತಿ ಗೊತ್ತು. ಹೊಡೆದುಹಾಕಿ ಹಾಗೇ ಬರೆದೆ.

ನಾಲ್ಕು ದಿನ ಬಿಟ್ಟು ಇಲಾಖೆಯಿಂದ ಫೋನ್ ಬಂತು. "ಕೇಕಿನ ಮೇಲೆ ಕ್ರೀಮ್ ಇರುತ್ತಾ? ಮೊಟ್ಟೆ ಹಾಕ್ತೀರಾ? ಫ್ರಿಜ್‌ನಲ್ಲಿ ಎಷ್ಟು ಹೊತ್ತು ಇಡ್ತೀರಿ?" ನಾನು ಅರಸೀಕೆರೆಯವಳು. ರೈಲು ನಿಂತ ಎರಡು ನಿಮಿಷದಲ್ಲಿ ಕಿಟಕಿಯಿಂದ ಕೈಚಾಚಿ ಎಲೆ ಪೊಟ್ಟಣದಲ್ಲಿ ಇಡ್ಲಿ ಕೊಳ್ಳೋದನ್ನು ನೋಡುತ್ತಾ ಬೆಳೆದವಳು. ಇಡ್ಲಿ ಅಂದರೆ ಏನು ಅಂತ ಯಾರಿಗೂ ವಿವರಿಸಿದ್ದೇ ಇಲ್ಲ. ಅವತ್ತು ಫೋನಿನಲ್ಲಿ ಹತ್ತು ನಿಮಿಷ ವಿವರಿಸಿದೆ. ಅಕ್ಕಿ ರವೆ, ಉದ್ದಿನ ಬೇಳೆ, ರುಬ್ಬೋದು, ರಾತ್ರಿಯಿಡೀ ಹೊರಗಿಟ್ಟು ಹುದುಗು ಬರಿಸೋದು. "ಹೊರಗೆ" ಅಂದಿದ್ದೇ ತಪ್ಪಾಯಿತು. ಆ ಕಡೆ ಒಂದು ಕ್ಷಣ ಸದ್ದಿಲ್ಲ. "ರಾತ್ರಿಯಿಡೀ? ಫ್ರಿಜ್ ಹೊರಗೆ?"

ಇದು 2024ರ ಬೇಸಿಗೆಯ ಮಾತು. ಟೊರೊಂಟೊದಲ್ಲಿ ನಮ್ಮ ಮನೆ ಇರೋದು ಥಾರ್ನ್‌ಕ್ಲಿಫ್ ಪಾರ್ಕ್ ಅನ್ನೋ ಬಡಾವಣೆಯಲ್ಲಿ. ಡಾನ್ ಕಣಿವೆಯ ಅಂಚಿಗೆ ಎತ್ತರದ ಅಪಾರ್ಟ್‌ಮೆಂಟುಗಳ ಸಾಲು. ಮೊದಲು ಇಲ್ಲಿ ಕುದುರೆ ರೇಸ್ ನಡೆಯುತ್ತಿತ್ತಂತೆ. ರೇಸ್ ಹೋಗಿ 70 ವರ್ಷ ಆಯಿತು, ರಸ್ತೆಗಳಿಗೆ ಇನ್ನೂ ಗ್ರ್ಯಾಂಡ್‌ಸ್ಟ್ಯಾಂಡ್ ಪ್ಲೇಸ್, ಮೈಲ್‌ಪೋಸ್ಟ್ ಪ್ಲೇಸ್ ಅಂತಲೇ ಹೆಸರು. ಲಿಫ್ಟಿನಲ್ಲಿ ಉರ್ದು, ಪಷ್ತೋ, ದರಿ, ಗುಜರಾತಿ ಕೇಳಿಸುತ್ತೆ. ಕನ್ನಡ ಕೇಳಬೇಕು ಅಂದರೆ ನಾನೇ ಮಾತಾಡಬೇಕು.

ಬಡಾವಣೆಯ ನಡುವೆ ಆರ್.ವಿ. ಬರ್ಜೆಸ್ ಪಾರ್ಕ್ ಇದೆ. ಬೇಸಿಗೆಯಲ್ಲಿ ಶುಕ್ರವಾರ ಅಲ್ಲಿ ಸಂತೆ. ಇಲ್ಲಿನ ಹೆಂಗಸರು ಕಮಿಟಿ ಮಾಡಿಕೊಂಡು ವರ್ಷಗಟ್ಟಲೆ ಓಡಾಡಿ ಅದನ್ನು ಕಟ್ಟಿ ಬೆಳೆಸಿದರು. ಬಟ್ಟೆ, ಬಳೆ, ಮೆಹಂದಿ, ಸಮೋಸ. ಒಂದು ಮೂಲೆಯಲ್ಲಿ ತಂದೂರ್ ಒಲೆ. 2013ರಲ್ಲಿ ಕಟ್ಟಿದ್ದು. ಉತ್ತರ ಅಮೆರಿಕದ ಪಾರ್ಕುಗಳಲ್ಲಿ ಸಾರ್ವಜನಿಕರಿಗೆ ಅಂತ ಕಟ್ಟಿದ ಮೊದಲ ತಂದೂರ್ ಅದೇ ಅನ್ನುತ್ತಾರೆ. ನಾನು ಬಿಸಿ ನಾನ್ ಕೈಯಲ್ಲಿ ಹಿಡಿದು ಅದರ ಮುಂದೆ ನಿಂತಾಗಲೆಲ್ಲ ಒಂದೇ ಯೋಚನೆ. ಇವರು ನಗರಸಭೆಯ ಪಾರ್ಕಿನಲ್ಲಿ ತಂದೂರನ್ನೇ ಕಟ್ಟಿಸಿದ್ದಾರೆ, ನನ್ನ ಕೈಲಿ ನಾಲ್ಕು ಇಡ್ಲಿ ಮಾರೋಕೆ ಆಗಲ್ವಾ?

ಅವಕಾಶ ಸಿಕ್ಕಿದ್ದು ಆ ಸಂತೆಯಲ್ಲಿ ಅಲ್ಲ. ಬಸ್ಸಿನಲ್ಲಿ ಹತ್ತು ನಿಮಿಷ ದೂರದ ಒಂದು ಚರ್ಚಿನ ಅಂಗಳದಲ್ಲಿ ಆಗಸ್ಟ್ ತಿಂಗಳ ಒಂದು ಶನಿವಾರ ಬೀದಿ ಜಾತ್ರೆಯಂಥದ್ದು ನಡೆಯುತ್ತೆ. ಅದನ್ನು ನೋಡಿಕೊಳ್ಳುವವರು ಒಬ್ಬ ನಿವೃತ್ತ ಟೀಚರ್. ಎಪ್ಪತ್ತು ದಾಟಿರಬೇಕು, ಕೈಯಲ್ಲಿ ಯಾವಾಗಲೂ ಕ್ಲಿಪ್‌ಬೋರ್ಡ್. ಇಡ್ಲಿ ಅಂದ ಕೂಡಲೇ ಖುಷಿಪಟ್ಟರು. ಆಮೇಲೆ ಮೂರು ಬೆರಳು ಎತ್ತಿದರು. ಒಂದು, ಫುಡ್ ಹ್ಯಾಂಡ್ಲರ್ ಸರ್ಟಿಫಿಕೇಟ್ ಬೇಕು. ಎರಡು, ಅಡುಗೆಯನ್ನು ನಮ್ಮ ಮನೆಯಲ್ಲಿ ಮಾಡುವಂತಿಲ್ಲ, ಆರೋಗ್ಯ ಇಲಾಖೆ ತಪಾಸಣೆ ಮಾಡಿದ ಅಡುಗೆಮನೆಯಲ್ಲೇ ಆಗಬೇಕು. ಚರ್ಚಿನ ನೆಲಮಾಳಿಗೆಯಲ್ಲಿ ಅಂಥದ್ದಿದೆ, ಬಾಡಿಗೆಗೆ ಕೊಡುತ್ತಾರೆ. ಮೂರು, ಟೊರೊಂಟೊ ಪಬ್ಲಿಕ್ ಹೆಲ್ತ್‌ಗೆ, ಅಂದರೆ ಊರಿನ ಆರೋಗ್ಯ ಇಲಾಖೆಗೆ ಅರ್ಜಿ. ಆ ಕೇಕಿನ ಅರ್ಜಿ ಇದೇ.

ಮನೆಗೆ ಬಂದು ಹೇಳಿದಾಗ ನಮ್ಮ ಮನೆಯವರು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಚಕ್ಕುಲಿ ಮಾರು" ಅಂದರು. ಅದು ತಪ್ಪು ಸಲಹೆ ಏನಲ್ಲ. ಟೊರೊಂಟೊ ಇರೋ ಒಂಟಾರಿಯೊ ಪ್ರಾಂತ್ಯದಲ್ಲಿ 2020ರಿಂದ ನಿಯಮ ಸ್ವಲ್ಪ ಸಡಿಲ ಆಗಿದೆ. ಫ್ರಿಜ್ ಬೇಡದ, ಸುಲಭಕ್ಕೆ ಕೆಡದ ತಿಂಡಿ ಆದರೆ ಮನೆಯಲ್ಲೇ ಮಾಡಿ ಮಾರಬಹುದು. ಬ್ರೆಡ್, ಬಿಸ್ಕತ್ತು, ಜಾಮು, ಉಪ್ಪಿನಕಾಯಿ ಆ ಪಟ್ಟಿಗೆ ಸೇರುತ್ತವೆ. ಇನ್‌ಸ್ಪೆಕ್ಟರ್ ಬಂದು ನೋಡಬಹುದು, ಆದರೆ ಸರ್ಟಿಫಿಕೇಟು, ಎರಡೆರಡು ಸಿಂಕು ಅಂತ ಪೀಡಿಸೋದಿಲ್ಲ. ಚಕ್ಕುಲಿ, ಕೋಡುಬಳೆ ಆಗಿದ್ದರೆ ನನ್ನ ಕೆಲಸ ಹಗುರ. ಆದರೆ ನನಗೆ ಹಟ. ಬಿಸಿ ಇಡ್ಲಿ, ಮೇಲೆ ಸಾಂಬಾರ್, ಪಕ್ಕದಲ್ಲಿ ಕಾಯಿ ಚಟ್ನಿ, ಕೊನೆಗೆ ಫಿಲ್ಟರ್ ಕಾಫಿ. ಇವರ ಭಾಷೆಯಲ್ಲಿ ನಾಲ್ಕೂ ಅಪಾಯದ ಪದಾರ್ಥಗಳೇ.

ಈ ಊರಿಗೆ ಬೀದಿ ತಿಂಡಿಯ ಮೇಲೆ ಮೊದಲಿಂದಲೂ ಅನುಮಾನ. 2007ರ ತನಕ ತಳ್ಳುಗಾಡಿಯಲ್ಲಿ ಹಾಟ್‌ಡಾಗ್, ಸಾಸೇಜ್ ಬಿಟ್ಟರೆ ಬೇರೆ ಬಿಸಿ ತಿಂಡಿ ಮಾರೋದೇ ಕಷ್ಟವಿತ್ತು. ಆಮೇಲೆ 2009ರಲ್ಲಿ ನಗರಸಭೆ, ಎಲ್ಲ ದೇಶದ ತಿಂಡಿಯೂ ಬರಲಿ ಅಂತ "ಆ ಲಾ ಕಾರ್ಟ್" ಅನ್ನೋ ಯೋಜನೆ ತಂತು. ಎಂಟು ಜನ ವ್ಯಾಪಾರಿಗಳನ್ನು ಆರಿಸಿದರು. ಆದರೆ ಗಾಡಿ ನಗರಸಭೆ ಹೇಳಿದ್ದೇ ಆಗಬೇಕು, ಅದಕ್ಕೆ ಸುಮಾರು 30 ಸಾವಿರ ಡಾಲರ್. ನಿಲ್ಲಿಸೋ ಜಾಗವೂ ಅವರು ಹೇಳಿದ್ದೇ. ಸಾಲ ಮಾಡಿ ಗಾಡಿ ಕೊಂಡವರು ಕೈ ಸುಟ್ಟುಕೊಂಡರು. 2011ರಲ್ಲಿ ಯೋಜನೆಯನ್ನೇ ಮುಚ್ಚಿದರು. ಮದ್ಯದ ಕಥೆ ಇನ್ನೂ ಹಳೇದು. 1916ರಿಂದ 1927ರವರೆಗೆ ಇಡೀ ಪ್ರಾಂತ್ಯದಲ್ಲಿ ಪಾನನಿಷೇಧ. ಅದು ತೆಗೆದ ಮೇಲೂ ಸರ್ಕಾರಿ ಅಂಗಡಿಯಲ್ಲಿ ಬಾಟಲಿ ಕೊಳ್ಳೋಕೆ ಪರ್ಮಿಟ್ ಪುಸ್ತಕ ಬೇಕಿತ್ತು, ನಮ್ಮ ರೇಷನ್ ಕಾರ್ಡಿನ ಹಾಗೆ. ಮೂಲೆ ಅಂಗಡಿಯಲ್ಲಿ ಬಿಯರ್ ಸಿಗೋಕೆ ಶುರುವಾಗಿದ್ದು ನನ್ನ ಇಡ್ಲಿ ವ್ಯಾಪಾರ ಮುಗಿದ ಮೇಲೆ, 2024ರ ಸೆಪ್ಟೆಂಬರಿನಲ್ಲಿ. ಬಿಯರನ್ನೇ ಇಷ್ಟು ವರ್ಷ ಕಾಯಿಸಿದವರು ನನ್ನ ಇಡ್ಲಿಯನ್ನು ಸುಮ್ನೆ ಬಿಡ್ತಾರಾ?

ಸರ್ಟಿಫಿಕೇಟಿಗೆ ಒಂದು ದಿನದ ತರಗತಿ, ಕೊನೆಗೆ ಪರೀಕ್ಷೆ. 70 ಪರ್ಸೆಂಟ್ ಬಂದರೆ ಪಾಸು. ಐದು ವರ್ಷಕ್ಕೊಮ್ಮೆ ಮತ್ತೆ ಬರೆಯಬೇಕು. ನನ್ನ ಬೆಂಚಿನಲ್ಲಿ ಒಬ್ಬ ಶವರ್ಮಾ ಅಂಗಡಿ ಹುಡುಗ, ಒಬ್ಬ ಫಿಲಿಪೀನ್ಸಿನ ಅಜ್ಜಿ, ಸ್ಕಾರ್ಬರೋದಲ್ಲಿ ಕೊತ್ತು ರೊಟ್ಟಿ ಮಾಡುವ ಜಾಫ್ನಾ ಕಡೆಯ ಒಬ್ಬರು. ಇಪ್ಪತ್ತೆರಡು ವರ್ಷದಿಂದ ಅಡುಗೆ ಮಾಡುತ್ತಿರುವ ನನಗೆ ಕೈ ತೊಳೆಯೋದನ್ನು ಕಲಿಸುತ್ತಾರಲ್ಲ ಅಂತ ಮೊದಲ ಅರ್ಧ ಗಂಟೆ ಒಳಗೊಳಗೇ ನಗು. ಆಮೇಲೆ ಬೋರ್ಡಿನ ಮೇಲೆ ಎರಡು ಅಂಕಿ ಬಂದವು. 4 ಮತ್ತು 60.

ಇಡೀ ತರಗತಿ ಆ ಎರಡು ಅಂಕಿಗಳ ನಡುವೆಯೇ. 4 ಡಿಗ್ರಿಗಿಂತ ಕೆಳಗೆ ಇದ್ದರೆ ತಣ್ಣನೆಯದು, ಸರಿ. 60ಕ್ಕಿಂತ ಮೇಲಿದ್ದರೆ ಬಿಸಿ, ಸರಿ. ನಡುವೆ ಇರೋದೆಲ್ಲ ಅಪಾಯದ ವಲಯ. ನಾನು ಕೂತು ಯೋಚಿಸಿದೆ. ನಮ್ಮಮ್ಮ ಮಾಡಿಟ್ಟ ಅಡುಗೆ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಕಟ್ಟೆಯ ಮೇಲೆ ತಟ್ಟೆ ಮುಚ್ಚಿಕೊಂಡು ಇದ್ದದ್ದೆಲ್ಲ ಆ ವಲಯದಲ್ಲೇ ಅಲ್ವಾ?

ಮಧ್ಯಾಹ್ನದ ಮೇಲೆ ಅನ್ನದ ಪಾಠ. ಮಾಂಸ, ಮೀನು ಅಂದರೆ ಭಯ ಅನ್ನೋದು ಗೊತ್ತಿತ್ತು. ಅನ್ನಕ್ಕೂ ಒಂದು ಪೂರ್ತಿ ಪಾಠ ಇರುತ್ತೆ ಅಂದುಕೊಂಡಿರಲಿಲ್ಲ. ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ. ಅದರ ಬೀಜಕಣ ಅಕ್ಕಿಯಲ್ಲೇ ಇರಬಹುದು, ಕುದಿಸಿದರೂ ಸಾಯೋದಿಲ್ಲ. ಅನ್ನ ಬೆಚ್ಚಗೆ ಕೂತಾಗ ಮೊಳೆತು ವಿಷ ಬಿಡುತ್ತೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗೋದಿಲ್ಲ. ಅದಕ್ಕೆ ಉಳಿದ ಅನ್ನವನ್ನು ಎರಡು ಗಂಟೆಯಲ್ಲಿ 60ರಿಂದ 20ಕ್ಕೆ, ಮುಂದಿನ ನಾಲ್ಕು ಗಂಟೆಯಲ್ಲಿ 20ರಿಂದ 4ಕ್ಕೆ ಇಳಿಸಬೇಕು. ಅಗಲ ತಟ್ಟೆಯಲ್ಲಿ ಹರಡಿ ಫ್ರಿಜ್‌ಗೆ ಹಾಕಬೇಕು. ನಾನು ತಂಗಳನ್ನ ತಿಂದು ಸ್ಕೂಲಿಗೆ ಹೋದವಳು. ರಾತ್ರಿಯ ಅನ್ನ, ಮಜ್ಜಿಗೆ, ಹಸಿ ಈರುಳ್ಳಿ. ಪಕ್ಕದ ಜಾಫ್ನಾದವರ ಮುಖ ನೋಡಿದೆ. ಅವರೂ ನನ್ನ ಮುಖ ನೋಡಿದರು. ಇಬ್ಬರೂ ಬದುಕಿದ್ದೆವು.

ಕೈ ಎತ್ತಿ ಇಡ್ಲಿ ಹಿಟ್ಟಿನ ವಿಷಯ ಕೇಳಿದೆ. ತರಗತಿ ತೆಗೆದುಕೊಳ್ಳುತ್ತಿದ್ದಾಕೆ ನಕ್ಕು ತಳ್ಳಿಹಾಕಬಹುದಿತ್ತು, ಹಾಗೆ ಮಾಡಲಿಲ್ಲ. ಹಿಟ್ಟು ಹುಳಿ ಬಂದ ಮೇಲೆ ಅದರ ಪಿಎಚ್, ಅಂದರೆ ಹುಳಿಯ ಅಳತೆ, ಎಷ್ಟಿರುತ್ತೆ ಅಂತ ಕೇಳಿದರು. ನನಗೇನು ಗೊತ್ತು? ಮೂಗಿಗೆ ಗೊತ್ತು, ಅಂದೆ. ಪಿಎಚ್ 4.6ಕ್ಕಿಂತ ಇಳಿದರೆ ಆ ಹುಳಿಯಲ್ಲಿ ಕೆಟ್ಟ ಕ್ರಿಮಿಗಳಿಗೆ ಬೆಳೆಯೋದು ಕಷ್ಟ, ಮೊಸರು, ಉಪ್ಪಿನಕಾಯಿ ಬದುಕಿರೋದು ಅದರಿಂದಲೇ, ನೀವು ಹೇಳಿದ ಹಿಟ್ಟೂ ಅದೇ ಜಾತಿ ಇರಬೇಕು, ಅಂದರು. ಪಿಎಚ್ ಅಳೆಯೋ ಕಾಗದ ತಗೊಂಡು ನೋಡಿ ಬರೆದಿಟ್ಟುಕೊಳ್ಳಿ, ಇನ್‌ಸ್ಪೆಕ್ಟರ್ ಕೇಳಿದಾಗ ತೋರಿಸೋಕೆ ಏನಾದರೂ ಇರುತ್ತೆ. ಅವತ್ತು ಸಂಜೆಯೇ ಆನ್‌ಲೈನ್‌ನಲ್ಲಿ ತರಿಸಿದೆ. ಒಂದು ವಾರ ದಿನಾ ಬೆಳಿಗ್ಗೆ ಹಿಟ್ಟಿನಲ್ಲಿ ಬಣ್ಣದ ಕಾಗದ ಅದ್ದಿ ನೋಡಿದ್ದಾಯಿತು. 4.5, 4.3, ಒಂದು ದಿನ 4.4. ಅಮ್ಮನಿಗೆ ವಿಡಿಯೊ ಕಾಲಿನಲ್ಲಿ ತೋರಿಸಿದೆ. "ಹಿಟ್ಟಿಗೆ ಜ್ವರ ಬಂದಿದೆಯೇನೇ?" ಅಂದಳು.

ಪರೀಕ್ಷೆಯಲ್ಲಿ 88 ಬಂತು. ತಪ್ಪಾಗಿದ್ದರಲ್ಲಿ ಒಂದು, ಪಾತ್ರೆ ತೊಳೆಯೋ ಪ್ರಶ್ನೆ ಅಂತ ಗೊತ್ತಾಯಿತು. ತೊಳಿ, ಅಲುಬು, ಆಮೇಲೆ ಬ್ಲೀಚ್ ನೀರಿನಲ್ಲಿ 45 ಸೆಕೆಂಡ್ ಮುಳುಗಿಸು, ಕೊನೆಗೆ ಗಾಳಿಯಲ್ಲೇ ಒಣಗಿಸು. ನಾನು ಬಟ್ಟೆಯಲ್ಲಿ ಒರೆಸು ಅಂತ ಗುರುತು ಹಾಕಿದ್ದೆ. ನಮ್ಮನೆಯಲ್ಲಿ ಒರೆಸದ ಪಾತ್ರೆ ಎತ್ತಿಟ್ಟರೆ ಬೈಸಿಕೊಳ್ಳಬೇಕಿತ್ತು.

ಮಳಿಗೆ ಅಂದರೆ ಹೇಗಿರಬೇಕು ಅಂತ ನೋಡೋಕೆ ಒಂದು ಶನಿವಾರ ಸೇಂಟ್ ಲಾರೆನ್ಸ್ ಮಾರ್ಕೆಟ್ಟಿಗೆ ಹೋದೆ. ಅಲ್ಲಿ ಶನಿವಾರದ ಸಂತೆ 1803ರಿಂದ ನಡೆಯುತ್ತಿದೆ. ಎಲ್ಲರೂ ಪೀಮೀಲ್ ಬೇಕನ್ ಸ್ಯಾಂಡ್‌ವಿಚ್ಚಿಗೆ ಸಾಲು ನಿಲ್ಲುತ್ತಾರೆ. ಹಂದಿಮಾಂಸದ ಮೇಲೆ ಮೊದಲೆಲ್ಲ ಬಟಾಣಿ ಹಿಟ್ಟು ಸವರುತ್ತಿದ್ದರಂತೆ. ಈಗ ಜೋಳದ ಹಿಟ್ಟು, ಹೆಸರು ಮಾತ್ರ ಬಟಾಣಿಯದ್ದೇ. ನಾನು ತಿನ್ನೋದಿಲ್ಲ. ಸಾಲಿನ ಪಕ್ಕ ನಿಂತು ಮಾರುವವರ ಕೈ ನೋಡುತ್ತಿದ್ದೆ. ದುಡ್ಡು ಮುಟ್ಟುವವರು ಒಬ್ಬರು, ತಿಂಡಿ ಮುಟ್ಟುವವರು ಇನ್ನೊಬ್ಬರು. ಬಾಗಿಲಲ್ಲಿ ಹಸಿರು ಚೀಟಿ. ಆ ಚೀಟಿಯನ್ನು ಡೈನ್‌ಸೇಫ್ ಅನ್ನುತ್ತಾರೆ. ಹಸಿರು ಅಂದರೆ ಪಾಸು, ಹಳದಿ ಅಂದರೆ ತಿದ್ದಿಕೋ, ಕೆಂಪು ಅಂದರೆ ಬಾಗಿಲು ಹಾಕು. 2000ದಲ್ಲಿ ಇಲ್ಲಿನ ಒಂದು ಪತ್ರಿಕೆ ಹೋಟೆಲುಗಳ ಕೊಳಕನ್ನು ಸರಣಿಯಾಗಿ ಬರೆದು ಗಲಾಟೆಯಾದ ಮೇಲೆ, ಮರುವರ್ಷ ಈ ಪದ್ಧತಿ ಬಂತು. ತಪಾಸಣೆ ಮೊದಲೂ ಇತ್ತು, ಫಲಿತಾಂಶ ಫೈಲಿನೊಳಗೇ ಇರುತ್ತಿತ್ತು. ಈಗ ಅದನ್ನು ಬಾಗಿಲಿಗೇ ಅಂಟಿಸುತ್ತಾರೆ. ಅಷ್ಟೇ ವ್ಯತ್ಯಾಸ, ಆದರೆ ಊಟಕ್ಕೆ ಬರೋವನು ಓದೋದು ಬಾಗಿಲನ್ನು ತಾನೇ.

ಆ ಕಟ್ಟಡದ ಮಹಡಿಗೂ ಹತ್ತಿ ಬಂದೆ. 1845ರಿಂದ 1899ರವರೆಗೆ ಅದೇ ಈ ಊರಿನ ನಗರಸಭೆಯಾಗಿತ್ತು. ಮಾರ್ಕೆಟ್ಟನ್ನು ಅದರ ಸುತ್ತ ಬೆಳೆಸಿದ್ದಾರೆ. ಕೌನ್ಸಿಲ್ ಕೂರುತ್ತಿದ್ದ ಹಾಲ್ ಈಗ ಚಿತ್ರ ಪ್ರದರ್ಶನದ ಜಾಗ. ಮೀನು, ಚೀಸಿನ ವಾಸನೆಯ ಮಧ್ಯೆ ಕೂತು ತೆರಿಗೆ, ಚರಂಡಿ ಮಾತಾಡಿರಬೇಕು ಪಾಪ.

ಜಾತ್ರೆಯ ಹಿಂದಿನ ದಿನ ಶುಕ್ರವಾರ. ಹಿಟ್ಟು ರುಬ್ಬೋದೂ ಚರ್ಚಿನ ಅಡುಗೆಮನೆಯಲ್ಲೇ ಆಗಬೇಕು. ಊರಿಂದ ತಂದ ಗ್ರೈಂಡರ್ ಇಲ್ಲಿ ಓಡೋದಿಲ್ಲ, ಕರೆಂಟು 120 ವೋಲ್ಟು. ಇಲ್ಲಿನ ಕರೆಂಟಿಗೆ ಅಂತಲೇ ಕೊಂಡ ಗ್ರೈಂಡರನ್ನು ಮಗುವಿನ ಸ್ಟ್ರಾಲರಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಬಸ್ ಹತ್ತಿಸಿದೆ. ಒಬ್ಬ ಅಜ್ಜ ಬಗ್ಗಿ "ಎಷ್ಟು ತಿಂಗಳು?" ಅಂತ ನೋಡಿ ಹಿಂದೆ ಸರಿದ.

ನನ್ನ ಜೊತೆಗಿದ್ದದ್ದು ಹುಬ್ಬಳ್ಳಿಯ ಗೆಳತಿ. ಮಿಸ್ಸಿಸಾಗಾದಿಂದ ಬಂದಿದ್ದಳು. ಅವಳಿಗೆ ಈ ಕಾಗದ ಪತ್ರ ಎಲ್ಲ ನೋಡಿ ಸಿಟ್ಟು. "ಇಡ್ಲಿ ಮಾರಾಕ ಹೊಂಟೀಯೋ, ಪಾಸ್‌ಪೋರ್ಟ್ ಮಾಡಸಾಕ ಹೊಂಟೀಯೋ?" ಅಂತ ಕೇಳುತ್ತಲೇ ಐದು ಕಿಲೊ ಹಿಟ್ಟು ಕಲಸಿದಳು. ಒಂದು ಅಳತೆ ಉದ್ದಿಗೆ ಎರಡು ಅಳತೆ ರವೆ. ನೆಲಮಾಳಿಗೆ ತಣ್ಣಗಿತ್ತು, ಇಪ್ಪತ್ತು ಡಿಗ್ರಿ ಇರಬಹುದು. ಇಲ್ಲಿ ಹಿಟ್ಟು ಬೆಳಿಗ್ಗೆಗೆ ಏಳಲ್ಲ ಅನ್ನಿಸಿತು. ಅಲ್ಲೊಂದು ಹಳೆಯ ಗ್ಯಾಸ್ ಅವನ್ ಇತ್ತು, ಒಳಗೆ ಪೈಲಟ್ ಜ್ವಾಲೆ ಯಾವಾಗಲೂ ಉರಿಯುತ್ತಿರುತ್ತೆ. ಕೈ ಇಟ್ಟು ನೋಡಿದೆ. ಅರಸೀಕೆರೆಯ ಏಪ್ರಿಲ್. ಎರಡು ದೊಡ್ಡ ಪಾತ್ರೆ ಅದರೊಳಗೆ ತಳ್ಳಿ ಬಾಗಿಲು ಹಾಕಿ, ಬೀಗದ ಕೈ ಟೀಚರಿಗೆ ಕೊಟ್ಟು ಮನೆಗೆ ಹೋದೆವು.

ಬೆಳಿಗ್ಗೆ ಆರಕ್ಕೆ ಫೋನ್. ಟೀಚರ್ ದನಿ ಮೆಲ್ಲಗಿತ್ತು. "ನಿಮ್ಮ ರೈಸ್ ಕೇಕು ಅವನ್ನಿನಿಂದ ಹೊರಗೆ ಬರ್ತಾ ಇದೆ. ನಾನು ಏನು ಮಾಡಲಿ?"

ಬಾಗಿಲ ಸಂದಿಯಿಂದ ಬಿಳಿ ನೊರೆ ಇಳಿದು ನೆಲ ಮುಟ್ಟಿತ್ತು. ಕಾಲು ಭಾಗ ಹಿಟ್ಟು ಹೋಯಿತು. ಮುಕ್ಕಾಲು ಗಂಟೆ ಅವನ್ ಒರೆಸಿದೆವು. ನನಗೆ ಅಳು, ಗೆಳತಿಗೆ ನಗು. ಉಳಿದ ಹಿಟ್ಟನ್ನು ಸೌಟಿನಲ್ಲಿ ಎತ್ತಿದಾಗ ಮಾತ್ರ ಇಬ್ಬರೂ ಸುಮ್ಮನಾದೆವು. ಅಷ್ಟು ಹಗುರವಾದ ಹಿಟ್ಟು ಕೆನಡಾಕ್ಕೆ ಬಂದ ಮೇಲೆ ನಾನು ನೋಡಿರಲಿಲ್ಲ.

ಇನ್‌ಸ್ಪೆಕ್ಟರ್ ಬಂದಿದ್ದು ಹತ್ತೂವರೆಗೆ. ಅಷ್ಟರಲ್ಲಿ ಅಂಗಳದಲ್ಲಿ ನಮ್ಮ ಟೆಂಟು ಎದ್ದಿತ್ತು. ಅದರ ಮೂಲೆಯಲ್ಲಿ ನಲ್ಲಿ ಇರುವ ನೀರಿನ ಡ್ರಮ್, ಕೆಳಗೆ ಬಕೆಟ್, ಪಕ್ಕದಲ್ಲಿ ಸೋಪು, ಪೇಪರ್ ಟವೆಲ್. ಮಳಿಗೆಯಲ್ಲಿ ಕೈ ತೊಳೆಯೋಕೆ ಇದು ಇರಲೇಬೇಕು. ನೋಡಿದರೆ ಮದುವೆ ಮನೆಯಲ್ಲಿ ಊಟದ ಪಂಕ್ತಿ ಮುಗಿದ ಮೇಲೆ ಕೈ ತೊಳೆಯೋ ಜಾಗ. ಆಕೆ ಮೂವತ್ತರ ಆಸುಪಾಸಿನ ಹೆಂಗಸು. ಮನೆಯವರು ಟ್ರಿನಿಡಾಡ್ ಕಡೆಯವರಂತೆ. ಮಾತು ಕಡಿಮೆ. ಮೊದಲು ಡ್ರಮ್ಮಿನ ನಲ್ಲಿ ತಿರುಗಿಸಿ ತಾನೇ ಕೈ ತೊಳೆದಳು. ಬ್ಲೀಚ್ ನೀರಿನಲ್ಲಿ ಪರೀಕ್ಷೆ ಕಾಗದ ಅದ್ದಿದಳು. ಸರ್ಟಿಫಿಕೇಟ್ ಓದಿದಳು. ಆಮೇಲೆ ಬ್ಯಾಗಿನಿಂದ ಉದ್ದನೆಯ ಸೂಜಿ ಥರ್ಮಾಮೀಟರ್ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಹಬೆಯಾಡುತ್ತಿದ್ದ ಇಡ್ಲಿಯ ಹೊಟ್ಟೆಗೆ ಚುಚ್ಚಿದಳು.

ಅಮ್ಮ ಇಡ್ಲಿ ಬೆಂದಿದೆಯಾ ಅಂತ ನೋಡೋದು ಬೆರಳನ್ನು ನೀರಿಗದ್ದಿ. ಮುಟ್ಟಿದರೆ ಅಂಟಬಾರದು. ಇಲ್ಲಿ ಸೂಜಿ 91 ಅಂತ ತೋರಿಸಿತು. ಸೂಜಿ ಹೊರಗೆ ಬಂದಾಗ ನಾನು ಅದರ ತುದಿ ನೋಡಿದೆ. ಹಿಟ್ಟು ಅಂಟಿರಲಿಲ್ಲ.

ಸಾಂಬಾರ್ 84. ಚಟ್ನಿ 7. "ಇದು 4ಕ್ಕೆ ಬರಬೇಕು" ಅಂದಳು. ಐಸಿನ ಮೇಲೆ ಇಟ್ಟಿದ್ದೀನಲ್ಲ ಅಂದೆ. ಮೇಲೆ ಅಲ್ಲ, ಐಸಿನ ಒಳಗೆ ಇಡಿ, ಚಟ್ನಿ ಎಲ್ಲಿಯವರೆಗಿದೆಯೋ ಐಸೂ ಅಲ್ಲಿಯವರೆಗೆ ಬರಬೇಕು, ಅಂದಳು. ಗೆಳತಿಯ ಗಂಡ ಮೂರು ಸಲ ಗ್ಯಾಸ್ ಸ್ಟೇಷನ್ನಿಗೆ ಓಡಿ ಐಸ್ ಚೀಲ ತಂದರು. ಇಪ್ಪತ್ತು ನಿಮಿಷದ ಮೇಲೆ 4. ಆ ತಣ್ಣನೆಯ ಚಟ್ನಿಯನ್ನು ಬಾಯಿಗಿಟ್ಟೆ. ಕಾಯಿಯ ಜಿಡ್ಡು ಗಟ್ಟಿಯಾಗಿ ನಾಲಿಗೆಗೆ ಮೇಣದ ಹಾಗೆ ಹತ್ತಿತು. ತೆಂಗಿನ ಸೀಮೆಯವಳ ಮಳಿಗೆಯಲ್ಲಿ ಇಂಥ ಚಟ್ನಿ! ಆಕೆ ಪಿಎಚ್ ಬರೆದ ನನ್ನ ಪುಸ್ತಕವನ್ನು ಮಾತ್ರ ಎರಡು ಪುಟ ತಿರುವಿ ನೋಡಿದಳು. "ಯಾರೂ ಇಷ್ಟು ಬರೆದಿಡೋದಿಲ್ಲ" ಅಂದಳು. ಹೋಗುವಾಗ ಒಂದು ಪ್ಲೇಟ್ ಕೊಡಲು ಹೋದೆ. ಡ್ಯೂಟಿಯಲ್ಲಿ ತಗೋಬಾರದು ಅಂತ ಕೈ ಮುಗಿದಳು.

ಹನ್ನೊಂದರಿಂದ ವ್ಯಾಪಾರ. ಮೊದಲ ಅರ್ಧ ಗಂಟೆ ಜನ ಬಂದು ಬೋರ್ಡ್ ಓದಿ ಮುಂದೆ ಹೋಗುತ್ತಿದ್ದರು. ಬೋರ್ಡಿನಲ್ಲಿ ಸಾಸಿವೆ ಇದೆ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಕೆನಡಾದ ಮುಖ್ಯ ಅಲರ್ಜಿ ಪಟ್ಟಿಯಲ್ಲಿ ಶೇಂಗಾ, ಹಾಲು, ಎಳ್ಳಿನ ಜೊತೆ ಸಾಸಿವೆಯೂ ಇದೆ. ಆ ಪಟ್ಟಿಯಲ್ಲಿರೋದನ್ನೆಲ್ಲ ಬರೆದು ತೂಗುಹಾಕಿ ಅಂತ ಟೀಚರ್ ಹೇಳಿದ್ದರು. ಒಗ್ಗರಣೆಗೆ ಎಚ್ಚರಿಕೆ ಫಲಕ ಹಾಕಿದ್ದು ನಮ್ಮ ವಂಶದಲ್ಲಿ ನಾನೇ ಮೊದಲು.

ಒಬ್ಬ ಯುವತಿ ಬಂದು ಗ್ಲೂಟನ್, ಅಂದರೆ ಗೋಧಿಯ ಅಂಟು, ಇಲ್ಲ ತಾನೇ ಅಂದಳು. ಇಡ್ಲಿಯಲ್ಲಿ ಅಕ್ಕಿ, ಉದ್ದು ಮಾತ್ರ ಅಂತ ಹೆಮ್ಮೆಯಿಂದ ಹೇಳಿ ಸಾಂಬಾರ್ ಸೌಟು ಎತ್ತಿದೆ. ಗೆಳತಿ ಕೈ ಹಿಡಿದಳು. "ಇಂಗಿನ ಡಬ್ಬಿ ಮ್ಯಾಲೆ ಏನ್ ಬರದದ ನೋಡು." ಅಂಗಡಿ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅಷ್ಟು ವರ್ಷ ಆ ಡಬ್ಬಿ ಹಿಡಿದಿದ್ದೇನೆ, ಓದಿರಲಿಲ್ಲ. ಆಕೆಗೆ ಸೀಲಿಯಾಕ್ ಕಾಯಿಲೆಯಂತೆ, ಸ್ವಲ್ಪ ಗೋಧಿ ಹೋದರೂ ವಾರಗಟ್ಟಲೆ ನರಳಬೇಕು. ಬರೀ ಇಡ್ಲಿ, ಮೇಲೆ ತುಪ್ಪ ಕೊಟ್ಟೆ. ಮತ್ತೆ ಬಂದು ಆರು ಇಡ್ಲಿ ಪಾರ್ಸಲ್ ಒಯ್ದಳು. ತರಗತಿಯಲ್ಲಿ ಕೂತು ನಕ್ಕಿದ್ದು ಆಗ ನೆನಪಾಗಿ ಮುಖ ಬಿಸಿಯಾಯಿತು.

ಸಾಲು ಬೆಳೆಸಿದ್ದು ಇಡ್ಲಿ ಅಲ್ಲ, ಕಾಫಿ. ಇಲ್ಲಿ ಕಾಫಿ ಅಂದರೆ ಟಿಮ್ ಹಾರ್ಟನ್ಸ್. 1964ರಲ್ಲಿ ಪಕ್ಕದ ಹ್ಯಾಮಿಲ್ಟನ್ನಿನಲ್ಲಿ ಶುರುವಾಗಿದ್ದು. "ಡಬಲ್ ಡಬಲ್" ಅಂದರೆ ಸಾಕು, ಎರಡು ಪಾಲು ಕ್ರೀಮು, ಎರಡು ಪಾಲು ಸಕ್ಕರೆ ಹಾಕಿ ಕೊಡುತ್ತಾರೆ. ಆ ನಾಲಿಗೆಗೆ ಚಿಕೋರಿ ಹಾಕಿದ ಡಿಕಾಕ್ಷನ್ ಬೇಗ ಒಗ್ಗಿತು. ಗೆಳತಿ ಲೋಟದಿಂದ ಬಟ್ಟಲಿಗೆ ಎತ್ತರದಿಂದ ಸುರಿದು ನೊರೆ ಎಬ್ಬಿಸುತ್ತಿದ್ದರೆ ಮಕ್ಕಳು ಸುತ್ತ ನಿಂತು ವಿಡಿಯೊ ಮಾಡಿದರು. ಹಾಲು ಮಾತ್ರ ಪ್ರತಿ ಸಲ ಐಸ್ ಪೆಟ್ಟಿಗೆಯಿಂದ ತೆಗಿ, ಕಾಯಿಸು, ಉಳಿದದ್ದು ಪೆಟ್ಟಿಗೆಗೆ ಹಾಕು. ಇಲ್ಲಿ ಹಾಲು ಪ್ಲಾಸ್ಟಿಕ್ ಚೀಲದಲ್ಲೂ ಸಿಗುತ್ತೆ, ಮೂರು ಚೀಲ ಸೇರಿ ನಾಲ್ಕು ಲೀಟರ್. ಆ ಒಂದು ವಿಷಯದಲ್ಲಿ ಒಂಟಾರಿಯೊ ನನಗೆ ಊರಿನ ಹಾಗೆಯೇ ಅನ್ನಿಸುತ್ತೆ.

ಒಂದು ಗಂಟೆಗೆ ನಗರಸಭೆಯ ಸದಸ್ಯರು ಬಂದರು. ಟೊರೊಂಟೊದಲ್ಲಿ 25 ವಾರ್ಡ್, ಒಂದೊಂದಕ್ಕೆ ಒಬ್ಬರು. ಇಡ್ಲಿ ತಿಂದರು, ಕೈ ಕುಲುಕಿದರು. ನನಗೆ ಓಟಿಲ್ಲ, ಇನ್ನೂ ಪೌರತ್ವ ಆಗಿಲ್ಲ ಅಂತ ಮೊದಲೇ ಹೇಳಿಬಿಟ್ಟೆ. ಇಲ್ಲಿ ಪಿಆರ್, ಅಂದರೆ ಕಾಯಂ ಆಗಿ ನೆಲೆಸೋ ಅನುಮತಿ, ಇದ್ದರೂ ತೆರಿಗೆ ಕಟ್ಟಬೇಕು, ಊರಿನ ಚುನಾವಣೆಯಲ್ಲಿ ಓಟು ಹಾಕುವಂತಿಲ್ಲ. ಅವರು ಹೋಗಲಿಲ್ಲ. ಹಾಗಾದರೆ ಕಮಿಟಿಗೆ ಬಂದು ಮಾತಾಡಿ, ಅಂದರು. ಸಿಟಿ ಹಾಲ್‌ನ ಕಮಿಟಿ ಸಭೆಗಳಲ್ಲಿ ಹೆಸರು ಕೊಟ್ಟು ಯಾರು ಬೇಕಾದರೂ ಕೆಲವು ನಿಮಿಷ ಮಾತಾಡಬಹುದು, ಪೌರತ್ವದ ಕಾಗದ ಕೇಳೋದಿಲ್ಲ. ಬರ್ಜೆಸ್ ಪಾರ್ಕಿನ ತಂದೂರ್ ಹಾಗೆ ಇಲ್ಲೂ ಒಂದು ಒಲೆ ಬೇಕು ಅಂತ ನಾನು ಆಗಲೇ ಬಾಯಿಬಿಟ್ಟಿದ್ದೆ. ಟೀಚರ್ ಅದನ್ನು ಕ್ಲಿಪ್‌ಬೋರ್ಡಿನಲ್ಲಿ ಬರೆದುಕೊಂಡರು. ಇನ್ನು ತಪ್ಪಿಸಿಕೊಳ್ಳೋಕೆ ಆಗಲ್ಲ.

ಈ ಮಾತಿನಲ್ಲೇ ಒಂದು ತಪ್ಪಾಯಿತು. ಸಾಂಬಾರಿನ ಬಿಸಿಯನ್ನು ಗಂಟೆಗೊಮ್ಮೆ ನೋಡಿ ಬರೆಯಬೇಕು. ಹನ್ನೊಂದೂವರೆಗೆ 72 ಅಂತ ಬರೆದದ್ದೇ ಕೊನೆ. ಎರಡೂವರೆಗೆ ಸೂಜಿ ಹಾಕಿದರೆ 52. ಕೆಳಗಿದ್ದ ಬರ್ನರ್ ಯಾವಾಗಲೋ ಗಾಳಿಗೆ ಆರಿಹೋಗಿತ್ತು. 60ಕ್ಕಿಂತ ಇಳಿದು ಎರಡು ಗಂಟೆ ಆಗಿರದಿದ್ದರೆ ಮತ್ತೆ 74ಕ್ಕೆ ಕಾಯಿಸಿ ಕೊಡಬಹುದು. ಎರಡು ಗಂಟೆ ದಾಟಿದ್ದರೆ ಚೆಲ್ಲಬೇಕು. ಯಾವಾಗ ಇಳಿಯಿತು ಅಂತ ನಮಗೆ ಗೊತ್ತಿಲ್ಲ. ಇನ್‌ಸ್ಪೆಕ್ಟರ್ ಹೋಗಿ ಮೂರು ಗಂಟೆಯ ಮೇಲಾಗಿತ್ತು. ಕೇಳುವವರು ಯಾರೂ ಇಲ್ಲ.

ಗೆಳತಿ ರುಚಿ ನೋಡಿದಳು. "ಏನೂ ಆಗಿಲ್ಲ ಬಿಡ. ಮುಂಜಾನಿಕಿಂತ ಚಲೋ ಆಗೇದ." ನಿಜ, ಸಾಂಬಾರ್ ಕೂತಷ್ಟೂ ರುಚಿ. ಮನೆಯಾಗಿದ್ದರೆ ಅದು ರಾತ್ರಿಗೂ ಬರುತ್ತಿತ್ತು, ನಾಳೆಗೂ ಬರುತ್ತಿತ್ತು. ನಾನು ಪಾತ್ರೆಯ ಮುಂದೆ ನಿಂತೆ. ಐದು ಲೀಟರ್. ನುಗ್ಗೇಕಾಯಿ ಹಾಕಿದ್ದೆ, ಅದರ ಬೆಲೆ ಇಲ್ಲಿ ಕೇಳಬೇಡಿ. ಆ ಇಂಗಿನ ಡಬ್ಬಿ ಕಣ್ಣ ಮುಂದೆ ಬಂತು. ನನ್ನ ಪಾತ್ರೆಯಲ್ಲಿ ಏನಿದೆ ಅಂತ ನನಗೇ ಗೊತ್ತಿರಲಿಲ್ಲ. ನೆಲಮಾಳಿಗೆಗೆ ಹೊತ್ತು, ಹೋಳು ಸೋಸಿ ಹಸಿರು ಡಬ್ಬಿಗೆ ಹಾಕಿ, ನೀರನ್ನು ಚೆಲ್ಲಿದೆ. ಚೆಲ್ಲುವಾಗ ಅಮ್ಮನ ಮುಖ ನೆನೆಸಿಕೊಳ್ಳಬಾರದು ಅಂತ ಬೇರೆ ಕಡೆ ನೋಡುತ್ತಿದ್ದೆ. ಕೊನೆಯ ನಲವತ್ತು ಇಡ್ಲಿ ತುಪ್ಪ, ಚಟ್ನಿಯಲ್ಲೇ ಹೋದವು.

ಲೆಕ್ಕ ಹಾಕಿದರೆ ಅಡುಗೆಮನೆ ಬಾಡಿಗೆ, ಟೆಂಟಿನ ಜಾಗ, ಸರ್ಟಿಫಿಕೇಟ್ ಫೀಸು, ಥರ್ಮಾಮೀಟರ್, ಏಳು ಚೀಲ ಐಸು ಎಲ್ಲ ಕಳೆದು ಉಳಿದದ್ದು 31 ಡಾಲರ್. ಅರ್ಧ ಗೆಳತಿಗೆ. "ಹದಿನೈದೂವರಿ ಡಾಲರ್‌ನ್ಯಾಗ ಪೆಟ್ರೋಲ್ ಬರೂದಿಲ್ಲ" ಅಂದಳು, ಆದರೂ ತಗೊಂಡಳು. ಅಮ್ಮನಿಗೆ ಸಾಂಬಾರ್ ಚೆಲ್ಲಿದ್ದು ಹೇಳಲಿಲ್ಲ. ಇಡ್ಲಿ 91 ಡಿಗ್ರಿ ಇತ್ತು ಅಂದೆ. "ಅದು ಜಾಸ್ತಿಯೋ ಕಮ್ಮಿಯೋ?" ಅಂತ ಕೇಳಿದಳು.

ಈ ವರ್ಷದ ಅರ್ಜಿ ಮೊನ್ನೆ ಬಂತು. ಅದೇ ಖಾಲಿ ಗೆರೆ. ಮಗಳನ್ನು ಕೇಳಲಿಲ್ಲ. ಇಡ್ಲಿ, ಸಾಂಬಾರ್, ಚಟ್ನಿಪುಡಿ, ಫಿಲ್ಟರ್ ಕಾಫಿ ಅಂತ ಬರೆದೆ. ಕಾಯಿ ಚಟ್ನಿ ಬರೆಯಲಿಲ್ಲ. ಅಷ್ಟು ಐಸು ಮತ್ತೆ ಹೊರೋಕೆ ಗೆಳತಿಯ ಗಂಡ ಒಪ್ಪೋದಿಲ್ಲ.